ಅಳಿಸಿ ಹೊಸದಾಗಿ ಮಾಡಿ

ದಿನಕರನಂಥವನನ್ನು ಸರ್ ಎಂದು ಕರೆಯಬೇಕಾಗಿ ಬಂದದ್ದೇ ಆ ಹತ್ತು ಮಂದಿಯ ಗ್ರಹಚಾರ. ಶಿರಸಿಯಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ಅವನ ಕೋಡಿಂಗ್ ಕ್ಲಾಸು. ಮೂರು ತಿಂಗಳು ಕಲಿಯುವುದು. ಕೊನೆಗೆ ಯಲ್ಲಾಪುರ ರಸ್ತೆಯ ಸಣ್ಣ ಸಾಫ್ಟ್‌ವೇರ್ ಕಂಪನಿಯವರು ಬಂದು ಒಬ್ಬರನ್ನು ಆರಿಸಿಕೊಂಡು ಹೋಗುವುದು. ಒಬ್ಬರನ್ನೇ.

ಆ ಒಬ್ಬಳು ತಾನೇ ಆಗಬೇಕೆಂದು ಹೇರೂರಿನ ಅನುಶ್ರೀ ಹಟ ಹಿಡಿದಿದ್ದಳು. ಹಿಡಿಯದೆ ಏನು ಮಾಡುತ್ತಾಳೆ? ಸಿದ್ದಾಪುರದ ತಾಲೂಕು ಆಫೀಸಿನೆದುರು ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಜಾತಿ-ಆದಾಯದ ಅರ್ಜಿ ಟೈಪಿಸಿದವಳು ಈ ಕ್ಲಾಸಿಗಾಗಿ ಅದನ್ನು ಬಿಟ್ಟು ಬಂದಿದ್ದಳು. ಮಾಲೀಕ ಮರುದಿನವೇ ಬೇರೊಬ್ಬಳನ್ನು ಆ ಕುರ್ಚಿಯಲ್ಲಿ ಕೂರಿಸಿದ. ಇದೂ ತಪ್ಪಿದರೆ ಅವಳಿಗೆ ಹಿಂದೆ ಹೋಗಲು ಜಾಗವಿರಲಿಲ್ಲ.

ಮೊದಲ ವಾರ ದಿನಕರ ಎನ್ವಿರಾನ್‌ಮೆಂಟಿನ ಪಾಠ ಮಾಡಿದ. ಹತ್ತು ಪರದೆಗಳಿಗೂ ಹಿಂದಿನ ಕಂಪ್ಯೂಟರು ಒಂದೇ ಆದರೂ ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಬೇರೆ ಕೋಣೆ. ಒಬ್ಬರು ತಂದುಕೊಂಡ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಇನ್ನೊಬ್ಬರದನ್ನು ಕೆಡಿಸುವುದಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಹೊಡೆದು ಆಕ್ಟಿವೇಟ್ ಮಾಡಿದರೆ ಎಡಕ್ಕೆ ಕೋಣೆಯ ಹೆಸರು ಬರುತ್ತದೆ. ಬಂತೆಂದರೆ ನೀವು ಒಳಗಿದ್ದೀರಿ ಎಂದರ್ಥ.

"ನಿಮ್ದೆಲ್ಲ ಒಳಗೇ ಇಟ್ಕೊಳ್ಳಿ. ಹೊರಗೆ ಎಂತಾದ್ರೂ ಬಿದ್ದಿದ್ದು ಕಂಡ್ರೆ ನಾನೇ ಅಳಿಸಿ ಹಾಕ್ತೇನೆ. ಪೆನ್‌ಡ್ರೈವ್ ಅಂತೂ ತರೂದೇ ಬೇಡ," ಎಂದ.

ಇಷ್ಟು ಹೇಳಿದ ಮಹಾಶಯ ತಾನೇ ಆಕ್ಟಿವೇಟ್ ಮಾಡುವುದನ್ನು ಮರೆತು ಲೈಬ್ರರಿಗಳನ್ನೆಲ್ಲ ಹೊರಗೆ ಸುರಿಯತೊಡಗಿದ. "ಸರ್, ನೀವೇ ಒಳಗೆ ಹೋಗ್ಲಿಲ್ಲ," ಎಂದಳು ಅನುಶ್ರೀ. ಕ್ಲಾಸು ಘೊಳ್ಳೆಂದು ನಕ್ಕಿತು. ದಿನಕರನೂ ನಕ್ಕ. ಆದರೆ ಮರೆಯಲಿಲ್ಲ, ಪುಣ್ಯಾತ್ಮ.

ಕಂಪನಿಯವರಿಗೆ ತೋರಿಸಲೆಂದು ಅನುಶ್ರೀ ಬಸ್ಸಿನ ಪ್ರೋಗ್ರಾಮು ಬರೆದಳು. ಹೇರೂರಿನಿಂದ ಯಲ್ಲಾಪುರಕ್ಕೆ ಎಂದು ಕೇಳಿದರೆ ಯಾವ ಬಸ್ಸು ಹಿಡಿಯಬೇಕು, ಶಿರಸಿಯಲ್ಲಿ ಎಷ್ಟು ಹೊತ್ತು ಕಾಯಬೇಕು, ಎಲ್ಲ ಹೇಳುತ್ತಿತ್ತು. ಹೇಳಿದ ಮಾತು ಮೀರದೆ ಅದನ್ನು ತನ್ನ ಕೋಣೆಯ ಒಳಗೇ ಇಟ್ಟಳು.

ಪರೀಕ್ಷೆಯ ದಿನ, ಕಂಪನಿಯವರು ಬರಲು ಅರ್ಧ ಗಂಟೆ ಇರುವಾಗ ದಿನಕರ ಚಪ್ಪಾಳೆ ತಟ್ಟಿದ. "ಎಲ್ಲರೂ ಹಳೇ ಎನ್ವಿರಾನ್‌ಮೆಂಟ್ ಅಳಿಸಿ ಹೊಸದಾಗಿ ಮಾಡಿ. ಲೈಬ್ರರಿ ಪಟ್ಟಿ ನನ್ನ ಹತ್ರ ಇದೆ, ಒಂದೇ ಸಾಲಿಗೆ ವಾಪಸ್ ಬರ್ತದೆ."

ಅನುಶ್ರೀಯ ಕೈ ನಿಂತಿತು. "ಸರ್, ನನ್ನ ಪ್ರೋಗ್ರಾಮೂ ವಾಪಸ್ ಬರ್ತದಾ?"

ದಿನಕರ ಅವಳ ಬೆನ್ನ ಹಿಂದೆ ಬಂದು ನಿಂತ. ಅವಳದೆಲ್ಲ ಒಳಗಿರುವುದನ್ನು ಕಣ್ಣಾರೆ ಕಂಡ. "ಬರದೆ ಎಲ್ಲಿಗೆ ಹೋಗ್ತದೆ? ಹೊಡಿ ಮಾರಾಯ್ತಿ."

ಹೊಡೆದಳು.

ಲೈಬ್ರರಿಗಳೆಲ್ಲ ಬಂದವು. ಪ್ರೋಗ್ರಾಮು ಬರಲಿಲ್ಲ. ಕಪ್ಪು ಪರದೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ಹುಡುಕಲಾದರೂ ಎಲ್ಲಿ ಹುಡುಕಬೇಕು?

"ಎನ್ವಿರಾನ್‌ಮೆಂಟ್ ಅಂದ್ರೆ ಬಿಸಾಡೂ ಸಾಮಾನು," ದಿನಕರ ಎಲ್ಲರಿಗೂ ಕೇಳುವಂತೆ ಹೇಳಿದ. "ಅದ್ರೊಳಗೆ ಯಾರಾದ್ರೂ ಬರೆದದ್ದು ಇಡ್ತಾರಾ? ಎರಡನೇ ವಾರವೇ ಎಲ್ಲರ ಹತ್ರ ಹೋಗಿ ಹೊರಗಿಡಿ ಅಂದಿದ್ದೆ."

ಉಳಿದ ಒಂಬತ್ತು ಮಂದಿ ತಲೆ ತಗ್ಗಿಸಿದರು. ಹಾಗಾದರೆ ಇವರಿಗೆಲ್ಲ ಹೇಳಿದ್ದಾನೆ! "ನಂಗೆ ಹೇಳ್ಲಿಲ್ಲ ನೀವು," ಎಂದಳು ಅನುಶ್ರೀ.

"ನಂಗೇ ಕಲಿಸಿದವಳಲ್ವಾ ನೀನು? ನಿಂಗೆ ನಾನೆಂತ ಹೇಳೂದು?"

ಕಂಪನಿಯ ಚೇತನಾ ಮೇಡಂ ಬಂದರು. ಅನುಶ್ರೀಯ ಖಾಲಿ ಪರದೆ ನೋಡಿ ಮುಂದೆ ಹೋದರು. ಗುಡ್ನಾಪುರದ ಸುಭಾಷ್‌ನ ಸರದಿಯಲ್ಲಿ ಪರದೆಯ ತುಂಬ ಎರರ್. ಅವನ ಕೋಣೆಯನ್ನು ಪಕ್ಕದವನೇ ಅಳಿಸಿ ಹೊಸದು ಮಾಡಿಕೊಟ್ಟಿದ್ದ; ಇವನಿಗೆ ಅದರ ಒಂದು ಸಾಲೂ ಬಾರದು.

"ಅನುಶ್ರೀ, ಸುಮ್ನೆ ಕೂತಿದ್ದೀಯಲ್ಲ, ಇವನಿಗೊಂದು ಆಕ್ಟಿವೇಟ್ ಮಾಡ್ಕೊಡು," ಎಂದ ದಿನಕರ.

ಎದ್ದು ಹೋಗಿ ಮಾಡಿಕೊಟ್ಟಳು. ಪ್ರೋಗ್ರಾಮು ಓಡಿತು. ಹೇರೂರಿನಿಂದ ಯಲ್ಲಾಪುರಕ್ಕೆ, ಶಿರಸಿಯಲ್ಲಿ ನಲವತ್ತು ನಿಮಿಷ ಕಾಯಬೇಕು. ನೋಡಿ ಕೊಡ್ತೀನ್ರಿ ಎಂದು ಹೋದ ತಿಂಗಳು ಅವಳಿಂದ ಕಾಪಿ ಮಾಡಿಕೊಂಡು ಅವನು ಕೋಣೆಯ ಹೊರಗೆ ಇಟ್ಟುಕೊಂಡದ್ದು.

"ಮೇಡಂ, ಇದು ನಾನು ಬರೆದದ್ದು!"

"ಹಾಗಾದ್ರೆ ನಿಮ್ಮ ಪರದೆಯಲ್ಲಿ ತೋರಿಸಿ," ಎಂದರು ಮೇಡಂ. ಏನು ತೋರಿಸುತ್ತಾಳೆ, ಮಣ್ಣು? "ಸುಭಾಷ್, ಇದು ಯಾರದ್ದು?"

ಸುಭಾಷ್ ಅನುಶ್ರೀಯ ಮುಖ ನೋಡಲಿಲ್ಲ. "ನಂದರೀ ಮೇಡಂ."

ಅಲ್ಲಿಗೆ ಮುಗಿಯಿತು. ಮೇಡಂ ಅವನಿಗೆ ಕೆಲಸದ ಕಾಗದ ಕೊಟ್ಟು ಹೋದರು.

ಅನುಶ್ರೀ ಮೆಟ್ಟಿಲಿಳಿಯುವಾಗ ಸುಭಾಷ್ ಹಿಂದಿನಿಂದ ಓಡಿ ಬಂದ. "ಸಿಟ್ಟಾಗಬ್ಯಾಡ್ರಿ ಅಕ್ಕಾ. ಸೋಮವಾರ ಅಲ್ಲಿ ಹೋಗಿ ಕೂಡಬೇಕು, ನಿಮ್ಮ ಪ್ರೋಗ್ರಾಮ ಅಲ್ಲಿ ಹಾಕ್ತಾರಂತ. ಆ ಆಕ್ಟಿವೇಟ್ ಮಾಡೂ ಸಾಲು ಒಂಚೂರು ಬರದು ಕೊಡ್ರಿ."

ಈಗ ನಿಮ್ಮ ಪ್ರೋಗ್ರಾಮಂತೆ! ಅವಳು ಅವನ ಕೈಯ ಪೆನ್ನು ಕಸಿದುಕೊಂಡು, ಅವನ ಕೆಲಸದ ಕಾಗದದ ಹಿಂದೆಯೇ, ಪ್ರೋಗ್ರಾಮಿರುವ ಫೋಲ್ಡರನ್ನು ಇಡಿಯಾಗಿ ಅಳಿಸಿ ಹಾಕುವ ಸಾಲನ್ನು ದುಂಡಗೆ ಬರೆದಳು.

"ಹೋದ ಕೂಡ್ಲೆ ಇದನ್ನೇ ಹೊಡಿ," ಎಂದಳು. "ಮೇಡಂ ಎದುರಿಗೇ ಹೊಡಿ."

"ನಿಮ್ಮ ಉಪಕಾರ ಮರಿಯಂಗಿಲ್ಲ ಅಕ್ಕಾ," ಎಂದು ಸುಭಾಷ್ ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡ.