ಐದು ಗಂಟೆಯ ಜೀಪು

ನೆಲ್ಯಹುದಿಕೇರಿ ಹತ್ತಿರದ ಆ ಊರಿನಲ್ಲಿ ಗ್ರಾಮಸಭೆ ಶುರುವಾಗುವುದನ್ನು ಕಾಫಿ ತೋಟದ ಕೂಲಿಗಳಾದ ಲೈನ್‌ಮನೆಯವರು ನೋಡಿದ್ದರೇ ಹೊರತು ಮುಗಿಯುವುದನ್ನು ನೋಡಿರಲಿಲ್ಲ. ಐದು ಗಂಟೆಗೆ ಅವರನ್ನು ವಾಪಸ್ ಕರೆದೊಯ್ಯುವ ಡ್ರೈವರ್ ಕಾಳನ ಜೀಪು ಹಾರ್ನ್ ಹೊಡೆದರೆ ತೋಟದ ಕೆಲಸದವರೆಲ್ಲ ಎದ್ದುಬಿಡುತ್ತಿದ್ದರು. ಹೊತ್ತು ಇಳಿದರೆ ದಾರಿಗೆ ಆನೆ ಬರುತ್ತದೆ, ಅವರನ್ನು ದೂರುವಂತಿಲ್ಲ. ಆದರೆ ಲೈನಿನವರ ವಿಷಯ ಪ್ರತಿ ಸಲವೂ ಕೊನೆಗೇ ಬರುತ್ತಿತ್ತು, ಖಾಲಿ ಕುರ್ಚಿಗಳ ಮುಂದೆ ಪಾಸಾಗುತ್ತಿತ್ತು.

ಈ ಸಲದ ಕೊನೆಯ ವಿಷಯ ಅಂಗನವಾಡಿ. ಲೈನಿನ ಪಕ್ಕದ ಕಟ್ಟಡ ಸೋರುತ್ತದೆಂದು ಅದನ್ನು ಮುಖ್ಯರಸ್ತೆಗೆ ಸಾಗಿಸುವ ಯೋಚನೆ. ಲೈನಿನ ಯಮುನಳ ಮಗಳಿಗಿನ್ನೂ ಮೂರು ವರ್ಷ. ಅಷ್ಟುದ್ದದ ತೋಟದ ದಾರಿಯಲ್ಲಿ ದಿನಾ ಬೆಳಗ್ಗೆ ಅವಳನ್ನು ಕರೆದೊಯ್ಯುವವರು ಯಾರು?

ಚರಂಡಿಯ ಮಾತು ಮುಗಿಯಲೊಲ್ಲದು. ಮುಗಿಯಿತೆನ್ನುವಾಗ ಬೀದಿದೀಪಕ್ಕೆ ಇಬ್ಬರು ಕಿತ್ತಾಡಿದರು. ಯಮುನಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸೆರಗು ಸುತ್ತುವಳು, ಬಿಚ್ಚುವಳು, ಕಿಟಕಿಯ ಬಿಸಿಲು ನೋಡುವಳು. ಕಡೆಗೆ ಎದ್ದೇ ನಿಂತಳು.

"ಕೂತ್ಕೊಳ್ಳಮ್ಮ, ನಿಮ್ದೂ ಬರುತ್ತೆ," ಎಂದರು ಅಧ್ಯಕ್ಷ ಪೊನ್ನಪ್ಪ.

ಬರುತ್ತೆ, ಜನರೆಲ್ಲ ಹೋದ ಮೇಲೆ ಬರುತ್ತೆ! ಮೈಯೆಲ್ಲ ಉರಿಯುತ್ತಲೇ ಅವಳು ಕೂತಳು. ಅಷ್ಟರಲ್ಲಿ ಹಾರ್ನ್ ಕೇಳಿಸಿತು.

"ಏಳೇ, ನಾವು ಕೂತ್ರೂ ಅವ್ರು ಮಾಡೋದನ್ನೇ ಮಾಡ್ತಾರೆ," ಎಂದಳು ಪಕ್ಕದ ಮನೆಯ ಕೆಂಚಿ.

ಯಮುನ ಎದ್ದು ಎಲ್ಲರ ಜೊತೆ ಹೊರಗೆ ಬಂದಳು. ಜೀಪು ಹತ್ತಲಿಲ್ಲ. ನೇರ ಕಾಳನ ಪಕ್ಕಕ್ಕೆ ಹೋಗಿ, ಜೀಪಿನೊಳಗೆ ಕೈ ಹಾಕಿ, ಕೀ ಕಿತ್ತುಕೊಂಡಳು.

"ಏಯ್, ಹುಚ್ಚು ಹಿಡೀತಾ ನಿಂಗೆ?" ಕಾಳ ಕೂಗಿದ.

"ಹಿಡೀತು ಅಣ್ಣ. ಅಂಗನವಾಡಿ ವಿಷಯ ಮುಗೀಲಿ, ಕೊಡ್ತೀನಿ."

ಬೈಯುತ್ತ, ಗೊಣಗುತ್ತ ಎಲ್ಲರೂ ಒಳಗೆ ಬಂದರು. ತುಂಬಿದ ಕುರ್ಚಿಗಳನ್ನು ನೋಡಿ ಪೊನ್ನಪ್ಪನವರು ಉಳಿದದ್ದನ್ನೆಲ್ಲ ಬದಿಗಿಟ್ಟರು.

"ಅಂಗನವಾಡಿ ಇದ್ದಲ್ಲೇ ಇರ್ಲಿ, ಅದನ್ನೇ ರಿಪೇರಿ ಮಾಡಿಸ್ಬೇಕು ಅನ್ನೋರು ಕೈ ಎತ್ತಿ."

ಯಮುನಳ ಕೈ ಮೊದಲು ಎದ್ದಿತು. ಆಮೇಲೆ ಒಂದೊಂದಾಗಿ ಲೈನಿನವರದೆಲ್ಲ, ಎಲ್ಲರ ಕೊನೆಗೆ ಕೆಂಚಿಯದೂ. ಪೊನ್ನಪ್ಪನವರು ಎರಡು ಸಲ ಎಣಿಸಿದರು. "ಸರಿ, ಇದ್ದಲ್ಲೇ ಇರ್ಲಿ," ಎಂದು ಬರೆಸಿದರು.

ಜೀಪು ಹೊರಟಾಗ ಕತ್ತಲು ಕವಿಯುತ್ತಿತ್ತು. ಅರ್ಧ ದಾರಿಯಲ್ಲಿ ಕಾಳ ಗಕ್ಕನೆ ನಿಲ್ಲಿಸಿ ಲೈಟು ಆರಿಸಿದ. ತಿರುವಿನಲ್ಲಿ ಆನೆ, ಜೊತೆಗೆ ಮರಿ. ನನ್ನಿಂದಲೇ ಇಷ್ಟು ಜನಕ್ಕೆ ಏನಾದರೂ ಆಗಿಬಿಟ್ಟರೆ ಎಂದುಕೊಂಡಳು ಯಮುನ.

ಆನೆಗಳು ನಿಧಾನವಾಗಿ ಕಾಫಿ ಗಿಡಗಳೊಳಗೆ ಇಳಿದುಹೋದವು. ಇನ್ನು ಎಲ್ಲರೂ ಸೇರಿ ಬೈಯುತ್ತಾರೆಂದು ಅವಳು ತಲೆ ತಗ್ಗಿಸಿ ಕೂತಳು. ಕೆಂಚಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಂಗನವಾಡಿ ರಸ್ತೆಗೆ ಹೋಗಿದ್ರೆ, ದಿನಾ ಈ ದಾರೀಲಿ ಮಗು ಎತ್ಕೊಂಡು ಯಾವ ಕಡೆಗೆ ಓಡ್ತಿದ್ವೇ ನಾವು?"