ಭೂತಗನ್ನಡಿಯವರ ರೆಕಾರ್ಡು ಹರಾಜು

ಮೂವತ್ತೆರಡು ವರ್ಷ ಕನ್ನಡಕದಂಗಡಿ ನಡೆಸಿದ ಮನುಷ್ಯನಿಗೆ ಬೀದಿಯವರು ಭೂತಗನ್ನಡಿ ಎಂದು ಹೆಸರಿಟ್ಟರೆ ಆಶ್ಚರ್ಯವೇನಿಲ್ಲ. ಆದರೆ ಆ ಹೆಸರು ಬಂದದ್ದು ಅಂಗಡಿಯಿಂದಲ್ಲ, ಸ್ವಭಾವದಿಂದ. ಯಾರಾದರೂ ಹೊಸ ಅಂಗಿ ತೊಟ್ಟು ಎದುರಾದರೆ, ಮೂರನೇ ಗುಂಡಿಯ ದಾರ ಬೇರೆ ಬಣ್ಣದ್ದು ಎಂದು ನಿಂತಲ್ಲೇ ಹೇಳುವವರು ಅವರು. ಕರೆಯೋಲೆ ಕೈಗಿಟ್ಟರೆ ಮೊದಲು ಅಚ್ಚಿನ ತಪ್ಪಿಗೆ ಬೆರಳಿಡುವವರು. ಕೆಟ್ಟ ಮನಸ್ಸೇನಲ್ಲ. ಕಣ್ಣಿಗೆ ಬಿದ್ದದ್ದನ್ನು ಬಾಯಲ್ಲಿ ತಡೆಹಿಡಿಯುವುದು ಅವರ ಕೈಲಾಗುತ್ತಿರಲಿಲ್ಲ, ಅಷ್ಟೆ.

ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ವರ್ಷ ಅವರ ಹೆಂಡತಿಗೆ ಟೇಬಲ್ ಟೆನಿಸ್ಸಿನ ಹುಚ್ಚು ಹತ್ತಿತು. ಐವತ್ತೆಂಟನೇ ವಯಸ್ಸಿನಲ್ಲಿ ಕ್ಲಬ್ಬಿನ ಮೂವರನ್ನು ಒಂದೇ ಮಧ್ಯಾಹ್ನ ಸೋಲಿಸಿ ಬಂದ ಆಕೆ, ಕ್ಲಬ್ಬಿನವರು ಮಾರಾಟಕ್ಕಿಟ್ಟ ಹಳೇ ಮೇಜಿಗೆ ಮುಂಗಡ ಕೊಟ್ಟೇ ಮನೆಗೆ ಬಂದರು. ಮೇಜು ಹಿಡಿಯುವ ಜಾಗ ಮನೆಯಲ್ಲಿ ಒಂದೇ ಇತ್ತು, ಹಿತ್ತಲ ಕಡೆಯ ಕೋಣೆ. ಅಲ್ಲಿ ನೆಲದಿಂದ ಸೂರಿನವರೆಗೆ ಭೂತಗನ್ನಡಿಯವರ ಆರುನೂರು ರೆಕಾರ್ಡುಗಳು ಕೂತಿದ್ದವು.

"ಆ ತಟ್ಟೆಗಳು ಬೇಕೋ ನಾನು ಬೇಕೋ ಅಂತೆಲ್ಲ ನಾನು ಕೇಳೋಲ್ಲ," ಎಂದರು ಹೆಂಡತಿ. "ಮೇಜು ಮುಂದಿನ ತಿಂಗಳು ಇಪ್ಪತ್ತನೇ ತಾರೀಖು ಬರ್ತಾ ಇದೆ. ಅಷ್ಟೇ ಹೇಳೋದು."

ಹೀಗೆ ಹರಾಜಿನ ಮಾತು ಹುಟ್ಟಿತು. ಹೆಂಡತಿಯ ತಮ್ಮ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು, ಫೋನಿನಲ್ಲಿ ಒಂದು ಹರಾಜು ಸೈಟು ತೆರೆದು ಖಾತೆ ಮಾಡಿಕೊಟ್ಟ. ಹಳೇ ರೆಕಾರ್ಡಿಗೆ ಈಗ ಜನ ಮುಗಿಬೀಳುತ್ತಾರೆ ಎಂದ. ಒಂದು ಫೋಟೋ ಹಾಕಿ, ಕೆಳಗೆ 'ಹೊಸದರಂತಿದೆ' ಎಂದು ಬರೆದು ಸುಮ್ಮನಿದ್ದರೆ ಸಾಕು ಎಂದೂ ಹೇಳಿಕೊಟ್ಟ.

ಭೂತಗನ್ನಡಿಯವರು ಸುಮ್ಮನಿರುವ ಪೈಕಿಯೇ ಅಲ್ಲ. ಮೊದಲ ರೆಕಾರ್ಡನ್ನು ಮೇಜುದೀಪದ ಕೆಳಗಿಟ್ಟು, ಅಂಗಡಿಯಿಂದ ತಂದ ಲೆನ್ಸು ಕಣ್ಣಿಗೇರಿಸಿ, ಎರಡು ಗಂಟೆ ಕೂತು ಹದಿನೇಳು ಗೀರು ಹುಡುಕಿದರು. ಒಂದೊಂದರ ಉದ್ದ, ದಿಕ್ಕು, ಆಳ ಬರೆದರು. ಕವರಿನ ಮೂಲೆಯ ಕಾಫಿ ಕಲೆ, ಎರಡನೇ ಹಾಡಿನ ನಡುವೆ ಒಮ್ಮೆ 'ಟಕ್' ಎನ್ನುವ ಸದ್ದು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಗೀರುಗಳ ನಕ್ಷೆಯನ್ನೂ ಕೈಯಾರೆ ಬಿಡಿಸಿ ಸೈಟಿಗೇರಿಸಿದರು.

ಹತ್ತು ದಿನದಲ್ಲಿ ಮುನ್ನೂರು ಚಿಲ್ಲರೆ ಜನ ನೋಡಿದರು. ಒಬ್ಬನೂ ಬೆಲೆ ಕೂಗಲಿಲ್ಲ. ಒಬ್ಬ ಮಾತ್ರ ಸಂದೇಶ ಕಳಿಸಿದ: "ಇದು ಮಾರಾಟಕ್ಕಿಟ್ಟಿದ್ದೋ, ಪೋಸ್ಟ್‌ಮಾರ್ಟಂ ವರದಿಯೋ?"

ಹನ್ನೊಂದನೇ ದಿನ ಯಾರೋ ಪುಣ್ಯಾತ್ಮ ಕನಿಷ್ಠ ಬೆಲೆಗೆ ಕೂಗಿದ. ಭೂತಗನ್ನಡಿಯವರು ಹಿಗ್ಗಿಹೋದರು. ರಟ್ಟು, ಹತ್ತಿ, ಹಳೇ ಟವೆಲು ಎಲ್ಲ ಸುತ್ತಿ, ಎಳೆಗೂಸನ್ನು ಕಳಿಸಿದ ಹಾಗೆ ಕಳಿಸಿದರು. ಅಂಚೆಯ ಖರ್ಚು ರೆಕಾರ್ಡಿನ ಬೆಲೆಯನ್ನೂ ಮೀರಿತು. ವಾರ ಕಳೆಯುವಷ್ಟರಲ್ಲಿ ದೂರು ಬಂತು. ವಿವರಣೆಯಲ್ಲಿ ಹದಿನೇಳು ಗೀರು ಎಂದಿದೆ, ತನಗೆ ಹದಿನೆಂಟು ಸಿಕ್ಕಿವೆ, ಮಾಲು ವಾಪಸು.

ವಾಪಸು ಬಂದ ಕವರು ಅವರದೇ. ಒಳಗಿದ್ದ ರೆಕಾರ್ಡು ಅವರದಲ್ಲ. ಅಂಚಿನಲ್ಲಿ ನಾಯಿ ಕಚ್ಚಿದ ಗುರುತಿತ್ತು. ಭೂತಗನ್ನಡಿಯವರು ಅದಕ್ಕೂ ಲೆನ್ಸು ಹಿಡಿದರು. ನಲವತ್ತೊಂದು ಗೀರು, ಅದರಲ್ಲಿ ತಮ್ಮ ನಕ್ಷೆಗೆ ಹೊಂದುವುದು ಒಂದೂ ಇಲ್ಲ. ಎರಡೂ ನಕ್ಷೆ ಸೇರಿಸಿ ಸೈಟಿನವರಿಗೆ ನಾಲ್ಕು ಪುಟದ ಕಾಗದ ಬರೆದರು. ಎರಡು ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಸಂತೋಷವೇ ನಮ್ಮ ಸಂತೋಷ. ಈ ವಿಷಯ ಇಲ್ಲಿಗೆ ಮುಕ್ತಾಯವಾಗಿದೆ."

ಎರಡನೇ ರೆಕಾರ್ಡು ಗೆದ್ದವನು, ಗುಂಡಿ ಒತ್ತಿದ್ದು ತಾನಲ್ಲ, ಫೋನಿನ ಮೇಲೆ ಕೂತ ತನ್ನ ಬೆಕ್ಕು ಎಂದು ಬರೆದು ಕೈತೊಳೆದುಕೊಂಡ. ಮೂರನೆಯದು ತಲುಪಬೇಕಾದಲ್ಲಿಗೆ ಎರಡು ಹೋಳಾಗಿ ತಲುಪಿತು. ಅಷ್ಟರಲ್ಲಿ ಇಪ್ಪತ್ತನೇ ತಾರೀಖು ಬಂತು, ಮೇಜೂ ಬಂತು. ಕೋಣೆ ಖಾಲಿಯಾಗಿರಲಿಲ್ಲವಾದ್ದರಿಂದ ಅದನ್ನು ನಡುಮನೆಯಲ್ಲೇ ಬಿಡಿಸಿದರು. ಅಂದಿನಿಂದ ಅಡುಗೆಮನೆಗೆ ಹೋಗಬೇಕಾದವರು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯಬೇಕಾಯಿತು.

ಆಗ ಭೂತಗನ್ನಡಿಯವರಿಗೆ ಆ ಪುಟ್ಟ ರೆಕಾರ್ಡು ನೆನಪಾಯಿತು. ಬದಿಗೊಂದೇ ಹಾಡು. ಅದರ ವಿಶೇಷವೆಂದರೆ, ಒಂದನೇ ಬದಿಯ ಲೇಬಲ್ಲು ಎರಡನೇ ಬದಿಗೆ, ಎರಡರದ್ದು ಒಂದಕ್ಕೆ ಬಿದ್ದಿತ್ತು. ಕಾರ್ಖಾನೆಯಲ್ಲಿ ಒಂದು ದಿನದ ಮಾಲಿಗಷ್ಟೇ ಹಾಗಾಗಿತ್ತಂತೆ, ಸಂಗ್ರಹ ಮಾಡುವವರು ಅಂಥದ್ದಕ್ಕೆ ಬಾಯಿ ಬಾಯಿ ಬಿಡುತ್ತಾರಂತೆ.

"ಸರಿಯಾಗಿರೋದಕ್ಕೆ ಗಿರಾಕಿ ಇಲ್ಲ, ತಪ್ಪಾಗಿರೋದಕ್ಕೆ ಇದಾರಾ?" ಎಂದು ಹೆಂಡತಿ ಕೇಳಿದರು.

"ತಪ್ಪು ಅಪರೂಪದ್ದಾಗಿರಬೇಕು ಕಣೇ," ಎಂದರು ಇವರು.

ಈ ಸಲ ಹರಾಜಿನ ಸುದ್ದಿ ಬಂಧುಬಳಗಕ್ಕೆಲ್ಲ ಮುಟ್ಟಿತು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಗಡುವು. ಸೈಟಿನಲ್ಲಿ ಕೂಗುವವರ ಹೆಸರು ಕಾಣುವುದಿಲ್ಲ, ಒಂದನೆಯವರು, ಎರಡನೆಯವರು ಎಂದಷ್ಟೇ. ಮೂರು ಗಂಟೆಗೆ ಒಂದನೆಯವರು ಆರು ಸಾವಿರಕ್ಕೆ ತಂದು ನಿಲ್ಲಿಸಿದರು. ಅಲ್ಲಿಗೇ ಮುಗಿಯಿತು ಎನ್ನುವಾಗ ಎರಡನೆಯವರು ಆರೂವರೆ ಎಂದರು, ಮೂರನೆಯವರು ಏಳು ಎಂದರು. ಆಮೇಲೆ ಇಬ್ಬರಿಗೂ ಏನಾಯಿತೋ, ಹತ್ತು, ಹದಿನೈದು, ಇಪ್ಪತ್ತೆರಡು ಎಂದು ಏರುತ್ತಲೇ ಹೋದರು. ಗಂಡ ಹೆಂಡತಿ ಟೆನಿಸ್ ಮೇಜಿನ ಮೇಲೆ ಫೋನಿಟ್ಟುಕೊಂಡು ಕಣ್ಣು ಮಿಟುಕಿಸದೆ ಕೂತರು. ಮೂವತ್ತು ದಾಟಿದಾಗ ಹೆಂಡತಿ ಗಂಡನ ಕೈ ಹಿಡಿದುಕೊಂಡರು, ಎಷ್ಟೋ ವರ್ಷದ ಮೇಲೆ. ನಾಲ್ಕು ಹೊಡೆದಾಗ ರೆಕಾರ್ಡು ನಲವತ್ತೊಂದು ಸಾವಿರಕ್ಕೆ ಮೂರನೆಯವರ ಪಾಲಾಗಿತ್ತು.

ನಾಲ್ಕೂಕಾಲಿಗೆ ಹೆಂಡತಿಯ ತಮ್ಮ ಬೆವರೊರೆಸಿಕೊಳ್ಳುತ್ತ ಬಂದ, ದೊಡ್ಡ ಗಂಡಾಂತರದಿಂದ ಪಾರಾದವನ ಮುಖ. ಅವನ ಹಿಂದೆಯೇ ಭೂತಗನ್ನಡಿಯವರ ಅಕ್ಕ ಮೆಟ್ಟಿಲು ಹತ್ತಿ ಬಂದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಕೊನೇ ಮಾತನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಗೊತ್ತಿಲ್ಲದವರು. ಆವತ್ತು ಮಾತ್ರ ಮೊದಲು ನೀರು ಕುಡಿದು, ಕುರ್ಚಿ ಹಿಡಿದು ಕೂತರು.

"ನಿನ್ನ ತಟ್ಟೆಗೆ ಒಂದಿಷ್ಟು ರೇಟು ಬರ್ಲಿ, ಸ್ವಲ್ಪ ಏರಿಸಿ ಬಿಡೋಣ ಅಂತ ಹೋದೆ ಕಣೋ," ಎಂದರು. "ಅದ್ಯಾವನೋ ಮುಠ್ಠಾಳ, ನಾನು ಎಷ್ಟು ಹೇಳಿದ್ರೂ ಅದರ ಮೇಲೊಂದು ಹೇಳ್ತಾನೆ. ನನಗೂ ಹಟ ಬಂತು."

ಹೆಂಡತಿಯ ತಮ್ಮ ನೆಲ ನೋಡುತ್ತ ಮೆಲ್ಲಗೆ, "ಆ ಮುಠ್ಠಾಳ ನಾನೇ ಅಕ್ಕ," ಎಂದ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವರು ಮೇಜಿನ ನೆಟ್ಟಿನ ಮೇಲೆ ತಲೆಯಿಟ್ಟು ನಕ್ಕರು. ಭೂತಗನ್ನಡಿಯವರು ಮಾತ್ರ ನಗಲಿಲ್ಲ. ಅಕ್ಕನಿಂದ ಹಣ ಪಡೆಯುವ ಹಾಗಿಲ್ಲ, ಸೈಟಿಗೆ ಹತ್ತರಲ್ಲೊಂದು ಪಾಲು ಕಟ್ಟದೆ ಬಿಡುವ ಹಾಗಿಲ್ಲ. ತಮ್ಮದೇ ರೆಕಾರ್ಡನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡದ್ದಕ್ಕೆ ನಾಲ್ಕು ಸಾವಿರದ ನೂರು ದಂಡ.

ಮರುದಿನ ಅವರು ಆರು ಸಾವಿರಕ್ಕೆ ಹಿಂದೆ ಸರಿದ ಒಂದನೆಯವರಿಗೆ ಸಂದೇಶ ಬರೆದರು. ಅವರ ಜಾಯಮಾನಕ್ಕೆ ತಕ್ಕ ಹಾಗೆ ಅಕ್ಕನ ಹಟ, ಭಾವಮೈದನ ಬೆವರು ಒಂದನ್ನೂ ಮುಚ್ಚಿಡದೆ ಬರೆದು, ನಿಮ್ಮ ಬೆಲೆಗೇ ಕೊಡುತ್ತೇನೆ ಎಂದರು. ಉತ್ತರ ಚುಟುಕಾಗಿತ್ತು: "ನಾಳೆ ಬೆಳಿಗ್ಗೆ ಹತ್ತಕ್ಕೆ ನಾನೇ ಬರುತ್ತೇನೆ. ಪ್ಲೇಯರ್ ಇದೆ ತಾನೆ?"

ಬಂದವರು ಎಪ್ಪತ್ತು ದಾಟಿದ ಹೆಂಗಸು. ಕುಳ್ಳಗೆ, ಚುರುಕಾಗಿ, ಹೆಗಲಿಗೊಂದು ಬಟ್ಟೆಯ ಚೀಲ. ಎರಡು ಬಸ್ಸು ಬದಲಿಸಿ ಬಂದಿದ್ದರು. ಕೂರುವ ಮೊದಲೇ ಭೂತಗನ್ನಡಿಯವರ ಕಣ್ಣು ಅವರ ಮುಂಗೈಗೆ ಹೋಯಿತು. ಅಲ್ಲಿ ಅರ್ಧಚಂದ್ರದ ಹಾಗೆ ಹಳೇ ಸುಟ್ಟ ಕಲೆ. ಅದನ್ನು ಕೇಳಿಯೂಬಿಟ್ಟರು. ಹೆಂಡತಿ ಮೇಜಿನ ಮರೆಯಲ್ಲಿ ಗಂಡನ ಕಾಲು ತುಳಿದದ್ದು ತಡವಾಯಿತು.

"ಅಚ್ಚಿನ ಯಂತ್ರದ್ದು," ಎಂದರು ಆಕೆ, ಏನೂ ಬೇಜಾರಿಲ್ಲದೆ. "ರೆಕಾರ್ಡು ಕಾರ್ಖಾನೇಲಿ ಇದ್ದೆ. ನೀವು ಮಾರ್ತಾ ಇರೋದನ್ನ ಒತ್ತಿದ್ದು ನಾನೇ."

ಆಮೇಲೆ ಚಹಾ ಕುಡಿಯುತ್ತ ಕತೆ ಹೇಳಿದರು. ಆ ರೆಕಾರ್ಡಿನ ಎರಡನೇ ಬದಿಯ ಹಾಡಿಗೆ ಟ್ರಂಪೆಟ್ ಊದಿದ್ದು ಅವರ ಅಣ್ಣ. ಜೀವನದಲ್ಲಿ ಅದೊಂದೇ ಸಲ ಅವನ ವಾದ್ಯ ರೆಕಾರ್ಡಿಗೆ ಹತ್ತಿದ್ದು. ಮನೆಮಂದಿಯೆಲ್ಲ ರೇಡಿಯೋ ಮುಂದೆ ಕಾದರು. ಆದರೆ ರೇಡಿಯೋದವರು ಹಾಕುತ್ತಿದ್ದದ್ದು ಯಾವಾಗಲೂ ಒಂದನೇ ಬದಿಯನ್ನೇ. ಮುಂದಿನ ಸಲದ ಮಾಲು ಒತ್ತುವ ದಿನ ತಂಗಿ ಯಾರಿಗೂ ಹೇಳದೆ ಲೇಬಲ್ಲಿನ ಎರಡು ಕಟ್ಟುಗಳನ್ನು ಅದಲುಬದಲು ಮಾಡಿದಳು. ರೇಡಿಯೋದಲ್ಲಿ ಒಂದು ಹಾಡಿನ ಹೆಸರು ಹೇಳಿ ಇನ್ನೊಂದು ಹಾಡು ಹಾಕಿದರು, ಅದೂ ಮೂರು ದಿನ. ನಾಲ್ಕನೇ ದಿನ ಆಕೆಯ ಕೆಲಸ ಹೋಯಿತು.

"ಹಾಗಾದ್ರೆ ಇದು ತಪ್ಪೇ ಅಲ್ಲ," ಎಂದರು ಭೂತಗನ್ನಡಿಯವರು. ಅವರಿಗೆ ಸ್ವಲ್ಪ ಮೋಸವಾದಂತೆ ಅನ್ನಿಸಿತ್ತು.

"ತಪ್ಪು ಇದೆ. ಹಾಕಿ, ತೋರಿಸ್ತೀನಿ."

ಮೇಜಿನ ಮೇಲೆ ಪ್ಲೇಯರ್ ಇಟ್ಟು ಮುಳ್ಳು ಇಳಿಸಿದರು. ಹಾಡು ಸಾಧಾರಣದ್ದು. ಎರಡನೇ ಚರಣ ಮುಗಿದು ಟ್ರಂಪೆಟ್ ಏರುವಾಗ ಆಕೆ ಬೆರಳೆತ್ತಿದರು. ಅಲ್ಲಿ ಒಂದು ಸ್ವರ, ಒದ್ದೆ ನೆಲದ ಮೇಲೆ ಕಾಲಿಟ್ಟವರ ಹಾಗೆ, ಸರ್ರನೆ ಜಾರಿತು.

"ಕೇಳಿಸ್ತಾ?"

"ಕೇಳಿಸ್ತು. ಅರ್ಧ ಸ್ವರ ಕೆಳಗೆ."

ಆಕೆಯ ಮುಖ ಅರಳಿತು. "ನಲವತ್ತೇಳು ವರ್ಷದಿಂದ ನಮ್ಮಣ್ಣ ಒಪ್ಪಿಲ್ಲ. ನಾನು ತಪ್ಪು ಊದೇ ಇಲ್ಲ, ಅದು ರೇಡಿಯೋ ಗೊರಗೊರ, ಅಂತಾನೆ. ಕೆಲಸ ಕಳ್ಕೊಂಡವಳು ನಾನು, ಒಂದು ಮಾತು ಒಪ್ಕೊಳ್ಳೋಕೆ ಅವನಿಗೇನು ಕಷ್ಟ? ಅವತ್ತು ರೇಡಿಯೋದಲ್ಲಿ ಬಂದಿದ್ದು ಈ ಉಲ್ಟಾ ಲೇಬಲ್ಲಿಂದೇ, ಅದಕ್ಕೇ ಈ ತಟ್ಟೆ ಬೇಕಾಗಿತ್ತು."

ಭೂತಗನ್ನಡಿಯವರು ದುಡ್ಡೇ ಬೇಡ, ಹಾಗೇ ತೆಗೆದುಕೊಂಡು ಹೋಗಿ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಆಕೆ ಚೀಲದಿಂದ ನೋಟು ತೆಗೆಯುತ್ತ, "ಲೇಬಲ್ ಬೇರೆ ಉಲ್ಟಾ ಇದೆಯಲ್ಲ, ಒಂದಿಷ್ಟು ಕಡಿಮೆ ಮಾಡ್ಕೊಳ್ಳಿ," ಎಂದರು.

"ಉಲ್ಟಾ ಮಾಡಿದ್ದು ಯಾರು?" ಎಂದರು ಹೆಂಡತಿ.

"ಅದಕ್ಕೇ ಸ್ವಲ್ಪ ಸಂಕೋಚದಿಂದಾನೇ ಕೇಳ್ತಾ ಇದೀನಿ."

ಇಬ್ಬರು ಹೆಂಗಸರೂ ಗಂಭೀರವಾಗಿ ಚೌಕಾಸಿ ಮಾಡಿ ಐದು ಸಾವಿರಕ್ಕೆ ಒಪ್ಪಿದರು. ಸೈಟಿನ ದಂಡ ಕಳೆದು ಕೈಯಲ್ಲುಳಿದದ್ದು ಒಂಬೈನೂರು. ಎರಡು ತಿಂಗಳ ವ್ಯಾಪಾರದಲ್ಲಿ ಭೂತಗನ್ನಡಿಯವರು ಕಂಡ ಲಾಭ ಅದೊಂದೇ.

ಒಂದು ವಾರ ಕಳೆದು ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಎತ್ತರದ ಮುದುಕರೊಬ್ಬರು ನಿಂತಿದ್ದರು, ಕೈಯಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆ. ಪರಿಚಯ ಹೇಳಿಕೊಳ್ಳುವ ಅಗತ್ಯ ಬೀಳಲಿಲ್ಲ. ತಟ್ಟೆ ಒತ್ತಿದ್ದೇ ತಂಗಿಯಾದ ಮೇಲೆ ಅದನ್ನು ನಂಬುವುದು ಹೇಗೆ, ಅವಳೇ ಒತ್ತುವಾಗ ಏನೋ ಕೆಡಿಸಿದ್ದಾಳೆ ಎಂಬುದು ಅವರ ವಾದ. ಬೇರೆ ದಿನ, ಬೇರೆಯವರ ಕೈಯಲ್ಲಿ ತಯಾರಾದ ಪ್ರತಿ ಸಿಗಬಹುದೇ ಎಂದು ಕೇಳಿಕೊಂಡು ಬಂದಿದ್ದರು.

ಅವತ್ತೇ ಭೂತಗನ್ನಡಿಯವರು ಅದೇ ಸೈಟು ತೆರೆದು ಹುಡುಕಿದರು. ಲೇಬಲ್ಲು ಸರಿಯಿದ್ದ ಪ್ರತಿ ಸಲೀಸಾಗಿ ಸಿಕ್ಕಿತು. ತಪ್ಪಿಲ್ಲದ ಕಾರಣ ಅದನ್ನು ಕೇಳುವವರೇ ಇರಲಿಲ್ಲ. ಎರಡು ಲೋಟ ಚಹಾದ ಬೆಲೆಗೆ ಗೆದ್ದರು. ಅದು ಕೈಸೇರಿದ ದಿನ ಮುದುಕರು ಪೆಟ್ಟಿಗೆ ಹಿಡಿದು ಮತ್ತೆ ಬಂದರು, ಮೇಜಿನ ಪಕ್ಕ ನಿಂತೇ ಕೇಳಿದರು. ಎರಡನೇ ಚರಣ ಮುಗಿಯಿತು. ಸ್ವರ ಅಲ್ಲೇ ಜಾರಿತು.

ಭೂತಗನ್ನಡಿಯವರು ಏನೋ ಹೇಳಹೊರಟಾಗ ಹೆಂಡತಿ ಕಣ್ಣಲ್ಲೇ ತಡೆದರು. ಮುದುಕರು ಪೆಟ್ಟಿಗೆ ಬಿಚ್ಚಿ, ಟ್ರಂಪೆಟ್ ಒರೆಸಿ, ತುಟಿಗಿಟ್ಟುಕೊಂಡು ಆ ಸಾಲನ್ನು ಊದಿದರು. ಉಸಿರು ಸಾಲದೆ ಎರಡು ಕಡೆ ನಿಂತರೂ ಆ ಸ್ವರ ಮಾತ್ರ ಎಲ್ಲಿರಬೇಕೋ ಅಲ್ಲೇ ಕೂತಿತು.

"ಅವತ್ತು ಹೀಗೆ ಊದಬೇಕಿತ್ತು," ಎಂದರು. ಆಮೇಲೆ ತಂಗಿಗೆ ಫೋನು ಮಾಡಿಕೊಡಿ ಎಂದು ಕೇಳಿದರು. ಭೂತಗನ್ನಡಿಯವರು ಫೋನನ್ನು ಟ್ರಂಪೆಟ್ಟಿನ ಬಾಯಿಗೆ ಹಿಡಿದು ನಿಂತರು. ಮುದುಕರು ಇನ್ನೊಮ್ಮೆ ಊದಿದರು. ಆ ಕಡೆಯಿಂದ ತಂಗಿ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಊದಲಿ ಎಂದರು. ಮತ್ತೆ ಊದಿದರು. ಇನ್ನೊಂದು ಸಲ ಎಂದರು. ಐದನೆಯ ಸಲಕ್ಕೆ ಮೇಲಿನ ಮನೆಯವರು ನೆಲ ಕುಟ್ಟತೊಡಗಿದರು.