ತೋಳದ ಕಾರ್ಡಿಗೆ ಕುಂಕುಮ

ಆ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೆಯೇ ನೋಟೀಸು ಕಳಿಸುವಷ್ಟು ದೊಡ್ಡವರು ಅವರು. ಡಬ್ಬದ ಮೇಲೆ ಕೋರೆಹಲ್ಲು ಕಿರಿದು ನಿಂತ ತೋಳದ ಚಿತ್ರವಿರುವುದರಿಂದ ಗುಂಡ್ಲುಪೇಟೆಯ ನನ್ನ ಅಂಗಡಿಯಲ್ಲಿ ಅದಕ್ಕೆ ತೋಳದ ಕಾರ್ಡು ಎಂದೇ ಹೆಸರು. ದೊಡ್ಡ ದೊಡ್ಡ ಗೇಮು ಆಡುವವರಿಗೆ ಚಿತ್ರ ಚೆನ್ನಾಗಿ ಮೂಡಲಿ ಎಂದು ಕಂಪ್ಯೂಟರಿನ ಒಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡು ಅದು. ಮೂರು ಫ್ಯಾನು, ಬಣ್ಣಬಣ್ಣದ ಲೈಟು, ಒಂದು ಇಟ್ಟಿಗೆಯಷ್ಟು ತೂಕ. ಮಾಡಬೇಕಾದ ಕೆಲಸ ಒಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿದೆ.

ನವೆಂಬರಿನ ಒಂದು ಗುರುವಾರ ಆ ಕಂಪನಿಯಿಂದ ಮೇಲ್ ಬಂತು. ಹರವೆಯ ಶಶಿಕುಮಾರ ಆಗ ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ. ಇಪ್ಪತ್ತಾರು ವರ್ಷದವನು. ಗೇಮ್ ಆಡುತ್ತಾ ಅದನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸಿ, ನಮ್ಮ ಕಡೆಯ ಮಾತಿನಲ್ಲೇ ವಿವರಣೆ ಕೊಡುವುದು ಅವನ ಕಸುಬು. "ಬಂದ ಕಣ್ಲಾ, ಬೇಲಿ ಸಂದೀಲಿ ನಿಂತವ್ನೆ, ಈಗ ಬುಟ್ರೆ ಸಿಕ್ಕಲ್ಲ" ಎಂದು ಅವನು ಕೂಗುವುದನ್ನು ಕೇಳಲೆಂದೇ ಹನ್ನೊಂದು ಸಾವಿರ ಜನ ಅವನ ಚಾನೆಲ್ಲಿಗೆ ಸೇರಿದ್ದರು. ಆದರೆ ನಾನು ಕೊಟ್ಟ ತೋಳದ ಕಾರ್ಡು ಇಪ್ಪತ್ತು ನಿಮಿಷ ಆಡಿದರೆ ಸಾಕು, ಪರದೆಯನ್ನು ಕಪ್ಪು ಮಾಡಿಕೊಂಡು ಕೂತುಬಿಡುತ್ತಿತ್ತು. ಅದನ್ನು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕಳಿಸಿ ಇಪ್ಪತ್ತನಾಲ್ಕು ದಿನವಾಗಿತ್ತು.

ಆ ಮೇಲ್‌ನಲ್ಲಿ ಇದ್ದದ್ದು ಎರಡು ಸಾಲು, ಒಂದು ಫೋಟೋ. ಫೋಟೋದಲ್ಲಿ ನಮ್ಮ ಕಾರ್ಡು, ಅದರ ಮೇಲೊಂದು ವೃತ್ತ, ವೃತ್ತದೊಳಗೆ ರಾಗಿಕಾಳಿನಷ್ಟು ಕೆಂಪು ಚುಕ್ಕೆ. ಕಾರ್ಡಿನ ಮೇಲೆ ಹೊರಗಿನ ವಸ್ತು ಕಂಡುಬಂದಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿದ್ದರು.

"ಕುಂಕುಮ" ಎಂದ ಶಶಿ. "ನಮ್ಮವ್ವ ಇಟ್ಟುದ್ದು."

ಅಲ್ಲೇ ಕೂತು ತಾಯಿಗೆ ಫೋನು ಮಾಡಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಎಲ್ಲ ಕೇಳಿಸುತ್ತಿತ್ತು. "ಆಳ್ ಮಾಡ್ಬುಟ್ಟಲ್ಲವ್ವ. ಪೂಜೆ ಪೂಜೆ ಅಂತ ನನ್ ಬದುಕ್ನೇ ಆಳ್ ಮಾಡ್ಬುಟ್ಟೆ. ಕುಂಕುಮ ಬಿದ್ದು ಕಾರ್ಡು ಸತ್ತೋಯ್ತಂತೆ, ಕಂಪ್ನಿಯವ್ರೇ ಬರ್ದವ್ರೆ, ಇನ್ನೇನ್ ಬೇಕು ನಿಂಗೆ?" ಆ ಕಡೆಯಿಂದ ಚಿಕ್ಕಬಸಮ್ಮ "ಏನಾಯ್ತಪ್ಪ" ಎಂದು ಎರಡು ಸಲ ಕೇಳಿದರು. ಆಮೇಲೆ ಅವರ ದನಿ ಬರಲಿಲ್ಲ. ಇವನು ಮಾತ್ರ ಬೈಯುತ್ತಲೇ ಇದ್ದ.

ನಾನು ಫೋಟೋ ನೋಡುತ್ತಾ ಕೂತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆ ಚುಕ್ಕೆ ನನ್ನನ್ನು ಉಳಿಸಿತ್ತು.

ಯಾಕೆಂದರೆ ಆ ಕಾರ್ಡು ಕುಂಕುಮ ಕಾಣುವುದಕ್ಕೆ ಮೊದಲೇ ಕೆಟ್ಟಿತ್ತು, ಅದು ನನಗೊಬ್ಬನಿಗೇ ಗೊತ್ತಿತ್ತು. ಆಯುಧಪೂಜೆಯ ಹಿಂದಿನ ದಿನ ಅಂಗಡಿಯಲ್ಲಿ ಕಂಪ್ಯೂಟರು ಜೋಡಿಸಿ ಚಾಲೂ ಮಾಡಿದಾಗ ಪರದೆ ಎರಡು ಸಲ ಕಪ್ಪಾಗಿ ಮತ್ತೆ ಬಂತು. ನಾನು ಡ್ರೈವರಿಗೆ ಬೈದುಕೊಂಡೆ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ಸಾಗಿಸುವ ಸಾಫ್ಟ್‌ವೇರನ್ನು ಡ್ರೈವರ್ ಎನ್ನುತ್ತಾರೆ. ಈ ಕಾರ್ಡಿಗೆ ತಿಂಗಳಿಗೊಂದು ಹೊಸ ಡ್ರೈವರ್ ಬರುತ್ತದೆ, ಹಿಂದಿನದು ಕೆಡಿಸಿದ್ದನ್ನು ಹಾಗೇ ಬಿಟ್ಟು ಅದು ಇನ್ನೊಂದನ್ನು ಕೆಡಿಸುತ್ತದೆ. ಮುಂದಿನ ತಿಂಗಳದ್ದು ಬಂದರೆ ಸರಿಹೋದೀತು ಎಂದುಕೊಂಡೆ. "ಒಂದು ಗಂಟೆ ಓಡಿಸಿ ನೋಡಿದೆ, ಸರಿಯಾಗಿದೆ" ಎಂಬ ಕಾಗದಕ್ಕೆ ಸೀಲು ಹಾಕಿ, ಜಾಹಿದ್ ಎಂದು ಸಹಿ ಮಾಡಿ ಕಂಪನಿಗೆ ಕಳಿಸಿದೆ. ಹಬ್ಬದ ವ್ಯಾಪಾರ, ಹೊರಗೆ ಜನ ಕಾಯುತ್ತಿದ್ದರು, ಒಂದು ಗಂಟೆ ಯಾರು ಕೂರುತ್ತಾರೆ? ಆ ಸಹಿ ಸುಳ್ಳು ಎಂದು ಗೊತ್ತಾದರೆ ಕಂಪನಿ ನನ್ನ ಡೀಲರ್‌ಶಿಪ್ ಕಿತ್ತುಕೊಳ್ಳುತ್ತದೆ, ಅವರ ಹಿಂದೆ ಉಳಿದ ಕಂಪನಿಗಳೂ ಕೈಬಿಡುತ್ತವೆ.

ಮಾರನೆಯ ದಿನ ನಾನೇ ಹರವೆಗೆ ಹೋಗಿ ಕಂಪ್ಯೂಟರು ಇಟ್ಟುಬಂದೆ. ಪೂಜೆಯಾಗದೆ ಸ್ವಿಚ್ಚು ಹಾಕುವ ಹಾಗಿಲ್ಲ ಎಂದು ಚಿಕ್ಕಬಸಮ್ಮ ಹಟ ಹಿಡಿದರು. ನೇಗಿಲು, ಕುಡುಗೋಲು, ಬೈಕು ಎಲ್ಲಕ್ಕೂ ವಿಭೂತಿ ಕುಂಕುಮ ಆಗಿತ್ತು. ಕಂಪ್ಯೂಟರಿನ ಹೊರಗಿನ ಡಬ್ಬಕ್ಕೆ ಇಡಲು ಬಂದವರು ಯೋಚಿಸಿ ಕೇಳಿದರು: "ಇದು ಬರೀ ಪೆಟ್ಗೆ ಅಲ್ವಾ ಸಾಬ್ರೆ? ಕೆಲ್ಸ ಮಾಡದು ಯಾವ್ದು?" ನಾನು ಪಕ್ಕದ ಮುಚ್ಚಳ ಬಿಚ್ಚಿ ತೋಳದ ಕಾರ್ಡನ್ನು ತೋರಿಸಿದೆ. "ಇಡ್ಬೋದಾ? ಏನೂ ಆಗಲ್ವಾ?" ಎಂದು ಮತ್ತೆ ಕೇಳಿದರು. "ಇಡಿ ಅಮ್ಮ, ಏನೂ ಆಗಲ್ಲ" ಎಂದೆ. ಅವರು ಉಂಗುರದ ಬೆರಳಿನ ತುದಿಯಲ್ಲಿ ಚೂರೇ ಚೂರು ಕುಂಕುಮ ತೆಗೆದು, ಮಗುವಿನ ಹಣೆಗೆ ಇಡುವ ಹಾಗೆ ಇಟ್ಟರು.

ಅಂದಿನಿಂದಲೇ ಪರದೆ ಕಪ್ಪಾಗತೊಡಗಿತು. ಲೈವಿನ ನಡುವೆ ಶಶಿ ಮಾಯವಾದರೆ ನೋಡುತ್ತಿದ್ದವರು ಎದ್ದುಹೋಗುತ್ತಿದ್ದರು. ನಾನು ಹಳೆಯದು ಹೊಸದು ಸೇರಿ ಮೂರು ಡ್ರೈವರ್ ಬದಲಿಸಿದೆ. ಕಂಪನಿಗೆ ಫೋನು ಮಾಡಿದರೆ ಡ್ರೈವರ್ ನಮ್ಮದಲ್ಲ, ಕಾರ್ಡಿನೊಳಗಿನ ಚಿಪ್ ಮಾಡುವವರದು ಎಂದರು. ಚಿಪ್ಪಿನವರನ್ನು ಕೇಳಿದರೆ ಕಾರ್ಡು ಮಾಡಿದವರನ್ನು ಕೇಳಿ ಎಂದರು. ಮತ್ತೆ ಇವರ ಹತ್ತಿರ ಬಂದರೆ ಕೆಟ್ಟದ್ದನ್ನು ವೀಡಿಯೋ ಮಾಡಿ ಕಳಿಸಿ ಎಂದರು. ವೀಡಿಯೋ ಮಾಡಲು ಕೂತ ದಿನ ಆ ದರಿದ್ರದ್ದು ಮೂರು ಗಂಟೆ ಕಣ್ಣು ಮಿಟುಕಿಸದೆ ಓಡಿತು. ಕೊನೆಗೆ ಜಗಳಾಡಿ ಕಾರ್ಡನ್ನೇ ಬೆಂಗಳೂರಿಗೆ ಕಳಿಸಿದ್ದೆ. ಆ ಕಂಪನಿಯ ಒಬ್ಬನಾದರೂ ನನ್ನ ಕೈಗೆ ಸಿಕ್ಕಿದ್ದರೆ ಅವನ ಬಾಯಿಗೆ ಕಾರ್ಡನ್ನೇ ತುರುಕುತ್ತಿದ್ದೆ. ಅಷ್ಟು ಕೋಪವಿದ್ದವನು ಆ ಫೋಟೋ ಬಂದ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಅದಾಗಿ ಹದಿನೈದು ದಿನಕ್ಕೆ ಚಿಕ್ಕಬಸಮ್ಮ ಒಬ್ಬರೇ ಬಸ್ಸು ಹತ್ತಿ ಅಂಗಡಿಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತು, ಸೆರಗನ್ನು ಸರಿಮಾಡಿಕೊಂಡರು.

"ಸಾಬ್ರೆ, ಆ ಕಂಪ್ನಿಯವ್ರ ನಂಬ್ರು ನಿಮ್ತಾವು ಅದಲ್ವಾ? ಒಂದ್ಕಿತ ಫೋನ್ ಆಕ್ಕೊಡಿ. ತಪ್ಪಾಯ್ತು ಅಂತ ನಾನೇ ಯೋಳ್ತೀನಿ."

"ಅವ್ರು ಹಂಗೆಲ್ಲ ಕೇಳಲ್ಲ ಅಮ್ಮ" ಎಂದೆ.

"ಅವ್ರೂ ಮನುಸ್ರೇ ತಾನೆ. ಗೊತ್ತಿಲ್ದೆ ಮಾಡುದ್ದು ಅಂದ್ರೆ ಬುಟ್ಕೊಡ್ತರೆ." ಆಮೇಲೆ ಹೇಳಿದರು: "ಮಗ ಮಾತಾಡ್ತಿಲ್ಲ ಸಾಬ್ರೆ. ತಟ್ಟೆ ತಕ್ಕಂಡು ಓಗಿ ರೂಮ್ನಲ್ಲಿ ಉಣ್ತನೆ. ಮೊನ್ನೆ ಕೊಟ್ಟಿಗೇಲಿ ಅಸ ಕರ ಆಕ್ತು. ಅದ್ಕೂ ಕುಂಕುಮ ಇಟ್ಟಿಲ್ಲ ನಾನು. ಬಟ್ಲು ಮುಟ್ಟಕ್ಕೇ ಭಯ ಆಯ್ತದೆ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಫೋನು ಮಾಡಿಕೊಟ್ಟು ಸಮಾಧಾನ ಮಾಡಿ ಕಳಿಸಿದರಾಯಿತು ಎಂದುಕೊಂಡು ನಂಬರು ಒತ್ತಿ ಸ್ಪೀಕರ್ ಹಾಕಿದೆ. ಮೊದಲು ರೆಕಾರ್ಡಿನ ಹೆಂಗಸು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಚಿಕ್ಕಬಸಮ್ಮ ಎದ್ದು ನಿಂತು ಫೋನಿಗೆ ಕೈಮುಗಿದು "ನಮಸ್ಕಾರ ಕಣವ್ವ" ಎಂದರು.

"ಅದು ಮಿಷನ್ನು ಅಮ್ಮ."

"ಇರ್ಲಿ ಬುಡಿ. ಮಾತಾಡ್ತದಲ್ಲ."

ಒಂದು ಒತ್ತಿ, ಮೂರು ಒತ್ತಿ, ಹನ್ನೊಂದು ನಿಮಿಷ ಸಂಗೀತ ಕೇಳಿದ ಮೇಲೆ ಜೀವವಿರುವ ಹುಡುಗಿಯೊಬ್ಬಳು ಸಿಕ್ಕಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಹಿಂದಿಯಲ್ಲಿ ಹೇಳಿ ಎಂದಳು. ಚಿಕ್ಕಬಸಮ್ಮನಿಗೆ ಹಿಂದಿ ಬಾರದು. ಅಲ್ಲಿಗೆ ನಡುವೆ ಮಾತು ಸಾಗಿಸುವ ಕೆಲಸ ನನ್ನ ತಲೆಗೇ ಬಿತ್ತು.

"ತಪ್ಪು ನಂದು ಅನ್ನಿ. ಮಗಂದಲ್ಲ ಅನ್ನಿ" ಎಂದರು ಚಿಕ್ಕಬಸಮ್ಮ. ಹೇಳಿದೆ. "ಕುಂಕುಮ ಇಡಬಾರ್ದು ಅಂತ ಗೊತ್ತಿರ್ನಿಲ್ಲ, ಇನ್ಮೇಲೆ ಇಡಲ್ಲ ಅನ್ನಿ." ಅದನ್ನೂ ಹೇಳಿದೆ. ಸುಳ್ಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಿದ್ದೆ.

ಹುಡುಗಿ ಎಲ್ಲವನ್ನೂ ಟೈಪು ಮಾಡಿಕೊಳ್ಳುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ಹೇಳಿದಳು: "ಗ್ರಾಹಕರು ತಪ್ಪು ಒಪ್ಪಿಕೊಂಡರು ಎಂದು ನಮೂದಿಸುತ್ತಿದ್ದೇನೆ ಸರ್. ಇದಾದ ಮೇಲೆ ದೂರು ಪೂರ್ತಿ ಮುಗಿದ ಹಾಗೆ, ಮತ್ತೆ ತೆರೆಯಲು ಬರುವುದಿಲ್ಲ. ಡೀಲರ್ ಆಗಿ ನೀವು ಒಂದು ಖಾತ್ರಿ ಕೊಡಬೇಕು. ಕುಂಕುಮ ಬೀಳುವ ಮೊದಲು ಕಾರ್ಡು ಸರಿಯಾಗಿ ಕೆಲಸ ಮಾಡುತ್ತಿತ್ತೇ? ಹೌದು ಅಥವಾ ಇಲ್ಲ ಎಂದರೆ ಸಾಕು."

ಚಿಕ್ಕಬಸಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ತಾವು ಕೇಳಿಕೊಂಡದ್ದಕ್ಕೆ ಒಳ್ಳೆಯ ಉತ್ತರ ಬರುತ್ತಿದೆ ಎಂದು ಅವರಿಗೆ ಅನಿಸಿರಬೇಕು, ಮುಖದಲ್ಲಿ ಆಸೆ ಇತ್ತು. ಹೌದು ಎಂದರೆ ನನ್ನ ಅಂಗಡಿ ಉಳಿಯುತ್ತದೆ, ಇವರು ಸಾಯುವ ತನಕ ಮಗನ ಬದುಕು ಹಾಳು ಮಾಡಿದವರಾಗಿ ಉಳಿಯುತ್ತಾರೆ. ಇಲ್ಲ ಎಂದರೆ ನನ್ನ ಸಹಿ ನನ್ನನ್ನೇ ತಿನ್ನುತ್ತದೆ. ತಪ್ಪಿಸಿಕೊಳ್ಳಲು ಮೂರನೆಯ ಉತ್ತರವೊಂದು ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

"ಸರ್, ಲೈನಿನಲ್ಲಿದ್ದೀರಾ?"

"ಇಲ್ಲ" ಎಂದೆ. "ಕಾರ್ಡು ಮೊದಲೇ ಕೆಟ್ಟಿತ್ತು. ಅಂಗಡಿಯಲ್ಲೇ ಎರಡು ಸಲ ಕಪ್ಪಾಯಿತು, ನಾನೇ ನೋಡಿದ್ದೇನೆ. ಒಂದು ಗಂಟೆ ಓಡಿಸಿ ನೋಡಿದೆ ಎಂದು ಸಹಿ ಹಾಕಿದ್ದು ಸುಳ್ಳು. ಈ ತಾಯಿಯ ಕಡೆಯಿಂದ ಏನೂ ತಪ್ಪಾಗಿಲ್ಲ. ಬರೆದುಕೊಳ್ಳಿ."

ಈ ಕರೆ ರೆಕಾರ್ಡ್ ಆಗುತ್ತಿದೆ ಎಂದು ಅವಳು ನೆನಪಿಸಿದಳು. ಆಗಲಿ ಎಂದೆ. ಡೀಲರ್ ನಂಬರು ಕೇಳಿದಳು, ಕೊಟ್ಟೆ. ಮೇಲಿನವರಿಗೆ ಕಳಿಸುತ್ತೇನೆ ಎಂದು ಹೇಳಿ ಫೋನು ಇಟ್ಟಳು.

"ಏನಂದ್ರು ಸಾಬ್ರೆ? ಒಪ್ಕಂಡ್ರಾ?" ಎಂದರು ಚಿಕ್ಕಬಸಮ್ಮ.

ಅಷ್ಟು ಹೊತ್ತು ಹಿಂದಿಯಲ್ಲಿ ಆಡಿದ್ದನ್ನು ಈಗ ಕನ್ನಡದಲ್ಲಿ ಅವರ ಮುಖ ನೋಡಿ ಹೇಳಬೇಕಿತ್ತು. ಅದು ಕಂಪನಿಗೆ ಹೇಳಿದ್ದಕ್ಕಿಂತ ಹತ್ತು ಪಾಲು ಕಷ್ಟವಾಯಿತು. ತಡವರಿಸುತ್ತಾ ಎಲ್ಲ ಹೇಳಿದೆ. ಕಾರ್ಡು ನನ್ನ ಅಂಗಡಿಯಲ್ಲೇ ಕೆಟ್ಟಿದ್ದು, ನನ್ನ ಸಹಿ, ನಾನು ಸುಮ್ಮನಿದ್ದದ್ದು. ಅವರು ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಅವತ್ತು ನನ್ ಮಗ ಫೋನ್ನಲ್ಲಿ ಬೈತಿದ್ನಲ್ಲ, ಆಗ ನೀವು ಅಲ್ಲೇ ಇದ್ರಾ?" ಎಂದು ಮಾತ್ರ ಕೇಳಿದರು.

"ಇದ್ದೆ ಅಮ್ಮ."

ತಲೆಯಾಡಿಸಿದರು. ರಸ್ತೆಯ ಕಡೆ ತಿರುಗಿದರು. ಈರುಳ್ಳಿ ತುಂಬಿದ ಲಾರಿಗಳು ಕೇರಳದ ಕಡೆ ಹೋಗುತ್ತಿದ್ದವು. ನಾನು ಶಶಿಗೆ ಹೇಳಿಬಿಡುತ್ತೇನೆ ಎಂದು ಫೋನು ಕೈಗೆ ತೆಗೆದುಕೊಂಡೆ.

"ಫೋನ್ ಬ್ಯಾಡ" ಎಂದರು. "ನಾನೇ ನಿಮ್ ಕೈಲಿ ಯೋಳಿಸ್ದೆ ಅಂತನೆ. ಎದುರ್ಗೆ ಬಂದು ಯೋಳಿ. ನಡೀರಿ, ಓಗನ."

ನಡು ಹಗಲಿನಲ್ಲಿ ಅಂಗಡಿಯ ಷಟರ್ ಎಳೆದು ಅವರ ಹಿಂದೆ ಹೊರಟೆ. ಬಸ್ಸಿನಲ್ಲಿ ಅವರು ಹೆಂಗಸರ ಕಡೆ ಕೂತರು, ನಾನು ಕಂಬಿ ಹಿಡಿದು ನಿಂತೆ. ತೆರಕಣಾಂಬಿ ದಾಟುವಾಗ ಕಂಪನಿಯಿಂದ ಮೇಲ್ ಬಂತು. ವಿಚಾರಣೆ ಮುಗಿಯುವ ತನಕ ನಿಮ್ಮ ಡೀಲರ್‌ಶಿಪ್ ತಡೆಹಿಡಿಯಲಾಗಿದೆ ಎಂದಿತ್ತು. ಒಂದು ಫ್ಯಾನು ಬದಲಿಸಲು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಜನ ಇದನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿದ್ದರು. ಇಳಿದು ಓಡಿಹೋಗೋಣ ಎನಿಸಿತು. ಆದರೆ ಚಿಕ್ಕಬಸಮ್ಮ ಪ್ರತಿ ಸ್ಟಾಪಿನಲ್ಲೂ ತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಿದ್ದರು.

ಶಶಿ ಜಗುಲಿಯ ಮೇಲೆ ಮೊಬೈಲು ಹಿಡಿದು ಕೂತಿದ್ದ. ನಮ್ಮಿಬ್ಬರನ್ನೂ ನೋಡಿದವನೇ ತಾಯಿಯ ಮೇಲೆ ಏರಿಬಂದ. "ಅಲ್ಲಿಗೂ ಓಗಿದ್ಯಾ? ಅವ್ರ ಮುಂದೆ ಅತ್ಕಂಡು ಬಂದ್ಯಾ? ಇನ್ನೆಷ್ಟು ಮಾನ ಕಳೀಬೇಕು ಅಂತಿದ್ದೀಯವ್ವ ನೀನು?"

"ನಿಲ್ಸು ಶಶಿ" ಎಂದೆ. ಈ ಸಲ ಅವನು ಮುಗಿಸುವ ತನಕ ಕಾಯಲಿಲ್ಲ. "ನಿಮ್ಮವ್ವ ಏನೂ ಮಾಡಿಲ್ಲ. ಕುಂಕುಮದಿಂದ ಏನೂ ಆಗಿಲ್ಲ. ಕಾರ್ಡು ನನ್ನ ಅಂಗಡೀಲೇ ಕೆಟ್ಟಿತ್ತು, ನಾನೇ ಮುಚ್ಚಿಟ್ಟೆ. ಕಂಪ್ನಿಯವ್ರಿಗೂ ಈಗ ಹೇಳಿ ಬಂದಿದ್ದೀನಿ."

ಚಿಕ್ಕಬಸಮ್ಮ ನನಗೆಂದು ಒಂದು ಚೊಂಬು ನೀರು ತಂದು ಬಾಗಿಲಲ್ಲಿ ನಿಂತಿದ್ದರು. ಅವರು ನೀರನ್ನು ನನಗೆ ಕೊಡಲಿಲ್ಲ. ಮಗನನ್ನು ನೋಡುತ್ತಿದ್ದರು. ಹದಿನೈದು ದಿನದಿಂದ ಅವರು ಕಾದದ್ದು ಈ ಗಳಿಗೆಗೆ ಎಂದು ನನಗೆ ಗೊತ್ತಿತ್ತು. ಅವನ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು.

ಶಶಿಯ ಮುಖ ಅರಳಿತು. "ಅಂಗಾದ್ರೆ ವಾರಂಟಿ ಸಿಕ್ತದಾ ಜಾಹಿದಣ್ಣ?" ಎಂದ.

ಕೆನ್ನೆಗೆ ಒಂದು ಕೊಡಬೇಕು ಎನಿಸಿತು. ಆದರೆ ಅಂಗಡಿಯಲ್ಲಿ ಆ ಚುಕ್ಕೆಯ ಫೋಟೋ ನೋಡುತ್ತಾ, ಪಕ್ಕದಲ್ಲೇ ಈ ತಾಯಿಯ ದನಿ ನಿಂತುಹೋದದ್ದನ್ನು ಕೇಳಿಯೂ ಸಮಾಧಾನಪಟ್ಟವನು ನಾನು. ಅವನ ಮೇಲೆ ಕೈ ಎತ್ತುವ ಯೋಗ್ಯತೆ ನನಗೆ ಇರಲಿಲ್ಲ.

ಚಿಕ್ಕಬಸಮ್ಮ ಚೊಂಬನ್ನು ಜಗುಲಿಯ ಮೇಲೆ ಇಟ್ಟರು. "ಕುಡೀರಿ ಸಾಬ್ರೆ, ಬಿಸ್ಲಲ್ಲಿ ಬಂದಿದ್ದೀರಿ" ಎಂದು ಹೇಳಿ ಒಳಗೆ ಹೋದರು. ಶಶಿಗೆ ಆಗ ಏನೋ ಹೊಳೆದಿರಬೇಕು, ಮೊಬೈಲು ಕೆಳಗಿಟ್ಟು ಎದ್ದ. "ಅವ್ವ" ಎಂದು ಕರೆದ. ಬಾಗಿಲ ತನಕ ಹೋಗಿ ಇನ್ನೊಂದು ಸಲ ಕರೆದ. ಒಳಗಿನಿಂದ ಅವರು ಓಗೊಡಲಿಲ್ಲ.